ಮುರುಗೆಪ್ಪನವರ ಗಾಲಿ ಹರಕೆ

ತನಗೆ ವಯಸ್ಸಾಯಿತೆಂದು ಮನುಷ್ಯನಿಗೆ ಮೊದಲು ಹೇಳುವುದು ಕನ್ನಡಿ ಎಂದು ಯಾರಾದರೂ ಅಂದರೆ, ಅವರು ಧಾರವಾಡದ ಕಡೆ ಕಾರ್ಯದ ಊಟಕ್ಕೆ ಹೋದವರಲ್ಲ ಎಂದು ತಿಳಿಯಬೇಕು. ನಮ್ಮ ಕಡೆ ಅದು ಗೊತ್ತಾಗುವುದು ಪಂಕ್ತಿಯಲ್ಲಿ. ಎಲ್ಲರೂ ಸಾಲಾಗಿ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಮೂಲೆಯಲ್ಲಿ, ಫ್ಯಾನಿನ ಗಾಳಿ ಬರುವ ಕಡೆ, ಒಂದು ಪ್ಲಾಸ್ಟಿಕ್ ಟೇಬಲ್ಲು, ಅದರ ಹಿಂದೆ ನಾಲ್ಕು ಕುರ್ಚಿ. ಆ ಕುರ್ಚಿಗಳಿಗೆ ಯಾರೂ ತಾವಾಗಿ ಹೋಗುವುದಿಲ್ಲ. ಯಾರೋ ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕೂಡಿಸುತ್ತಾರೆ. ಹಾಗೆ ಕೂಡಿಸಿದ ಹೊತ್ತಿಗೆ ಮನುಷ್ಯ ಅಧಿಕೃತವಾಗಿ ಮುದುಕನಾದ ಎಂದು ಲೆಕ್ಕ.

ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಶೇಂಗಾ ಅಡತಿ ಅಂಗಡಿ ನಡೆಸುವ ಮುರುಗೆಪ್ಪನವರಿಗೆ ಈ ಪದವಿ ಸಿಕ್ಕಿದ್ದು ಅವರ ಷಡ್ಡಕನ ಮನೆಯಲ್ಲಿ, ಅವನ ಮೊಮ್ಮಗಳ ತೊಟ್ಟಿಲ ಕಾರ್ಯದ ದಿನ. ಷಡ್ಡಕ ಎಂದರೆ ಹೆಂಡತಿ ಸಂಗವ್ವನವರ ತಂಗಿಯ ಗಂಡ ಅಮರೇಶ. ಧಾರವಾಡದವನು, ಬ್ಯಾಂಕಿನಿಂದ ಬೇಗ ನಿವೃತ್ತಿ ಪಡೆದು ತನ್ನ ಇಡೀ ಆಯುಷ್ಯವನ್ನು ಆರೋಗ್ಯಕ್ಕೆ ಮೀಸಲಿಟ್ಟವನು. ಅವನ ಕೈಯಲ್ಲಿ ಹೆಜ್ಜೆ ಎಣಿಸುವ ಒಂದು ಸ್ಮಾರ್ಟ್ ಗಡಿಯಾರವಿತ್ತು. ಅದು ಹೊತ್ತು ಹೇಳುವುದಕ್ಕಿಂತ ಅವನನ್ನು ಹೊಗಳುವುದೇ ಹೆಚ್ಚು.

ಮುರುಗೆಪ್ಪನವರು ಪಂಕ್ತಿಯಲ್ಲಿ ಜಾಗ ಹಿಡಿದು ಇನ್ನೇನು ಮೊಣಕಾಲು ಮಡಚಬೇಕು, ಅಷ್ಟರಲ್ಲಿ ಅಮರೇಶ ಬಂದು ರಟ್ಟೆ ಹಿಡಿದ.

"ಅಣ್ಣಾರ, ನೀವು ಅಲ್ಲೆ ಕುರ್ಚಿ ಮ್ಯಾಲ ಕುಂಡರ್ರಿ. ಅಕ್ಕಾರೂ ಬಾಜೂಕ ಕುಂಡರ್ತಾರ."

"ಯಾಕೋ, ನೆಲಕ್ಕ ಏನ ಆಗೇತಿ?"

"ನೆಲಕ್ಕ ಏನೂ ಆಗಿಲ್ರೀ. ನಿಮಗ ವಯಸ್ಸಾತು. ಕುಂತ ಮ್ಯಾಲ ಏಳೂದು ತ್ರಾಸ ಆಗ್ತೈತಿ."

ಇಡೀ ಪಂಕ್ತಿ ತಲೆ ಎತ್ತಿ ನೋಡಿತು. ಮುರುಗೆಪ್ಪನವರಿಗೆ ಅರವತ್ತು ತುಂಬಲು ಇನ್ನೂ ಒಂದು ಯುಗಾದಿ ಬಾಕಿ ಇತ್ತು. ಆದರೆ ಬಡಿಸುವವರು ಹೋಳಿಗೆ ಹಿಡಿದು ನಿಂತಿದ್ದರು, ವಾದ ಮಾಡುವ ಸಮಯವಲ್ಲ. ಕುರ್ಚಿಯಲ್ಲಿ ಕೂತರು. ಎಡಗಡೆ ಕಿವಿ ಕೇಳದ ಒಬ್ಬ ಅಜ್ಜ, ಬಲಗಡೆ ಸಂಗವ್ವನವರು. ಸಂಗವ್ವನವರು ಮಾತ್ರ ಆರಾಮವಾಗಿ ಕಾಲು ಚಾಚಿ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡು ಉಂಡರು. ಮುರುಗೆಪ್ಪನವರಿಗೆ ಸಿಟ್ಟಿನಲ್ಲಿ ಅದು ಕಾಣಿಸಲೇ ಇಲ್ಲ.

ಸಂಗವ್ವನವರ ಮೊಣಕಾಲಿನ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಎರಡೂ ಮೊಣಕಾಲು ಸವೆದಿವೆ, ಬದಲಿಸಬೇಕು ಎಂದು ವಿದ್ಯಾನಗರದ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಮಗ ಹೇಳಿದ, ಸೊಸೆ ಹೇಳಿದಳು, ಮಠದ ಸ್ವಾಮಿಗಳು ಹೇಳಿದರು. "ಇದ್ದದ್ದ ಇರ್ಲಿ. ಕೊಯ್ಸಿಕೊಂಡ ಮ್ಯಾಲ ಏಳಲಿಲ್ಲಂದ್ರ?" ಎನ್ನುವುದು ಸಂಗವ್ವನವರ ಒಂದೇ ಉತ್ತರ. ಓಣಿಯ ತುದಿಯ ಬಸವಣ್ಣನ ಗುಡಿಗೆ ಪ್ರತಿ ಸೋಮವಾರ ಹೋಗುತ್ತಿದ್ದವರು ಅದನ್ನೂ ಬಿಟ್ಟಿದ್ದರು. ಆಕೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಕಂಡಾಗಲೆಲ್ಲ ಮುರುಗೆಪ್ಪನವರಿಗೆ ಸಂಕಟವಾಗುತ್ತಿತ್ತು. ಆದರೆ ಹೆಂಡತಿಗೆ ಸಂಕಟ ಹೇಳಿಕೊಳ್ಳುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ. "ಲಗೂ ಲಗೂ ನಡಿ" ಎಂದು ಬೈಯುತ್ತಿದ್ದರು, ಅಷ್ಟೇ.

ತೊಟ್ಟಿಲ ಕಾರ್ಯ ಮುಗಿದ ಮೇಲೆ ಒಂದು ದಿನ ಮುರುಗೆಪ್ಪನವರು ದುರ್ಗದಬೈಲಿನ ಪೇಟೆಗೆ ಹೊರಟಿದ್ದರು. ಮೆಂತ್ಯೆಸೊಪ್ಪು ಸೋಸುತ್ತಿದ್ದ ಸಂಗವ್ವನವರು ತಲೆ ಎತ್ತದೆ ಹೇಳಿದರು:

"ಬರ್ತ ಒಂದ ಛಲೋ ಕೋಲ ತರ್ರಿ. ಕೆಳಗ ರಬ್ಬರ್ ಇರಬೇಕ ನೋಡ್ರಿ, ಜಾರಬಾರದು."

"ಕೋಲ ಯಾರಿಗೆ?"

"ಮತ್ಯಾರಿಗೆ? ನಿಮಗ. ಮನ್ಯಾಗ ಒಂದ ಇದ್ದಿದ್ದ ಛಲೋ."

ಮೊದಲು ಕುರ್ಚಿ, ಈಗ ಕೋಲು. ಇದರ ಮುಂದಿನದು ಏನು ಎಂದು ಯೋಚಿಸುತ್ತ ಮುರುಗೆಪ್ಪನವರು ದುರ್ಗದಬೈಲಿನಲ್ಲಿ ಮುಜಮ್ಮಿಲನ ಅಂಗಡಿಯ ಮುಂದೆ ನಿಂತರು. ಮುಜಮ್ಮಿಲನ ಅಂಗಡಿಯಲ್ಲಿ ಕೊಡೆ, ಕೋಲು, ಚೀಲ, ಚೆಂಡು, ಹುಡುಗರ ಸೈಕಲ್ಲು, ಎಲ್ಲ ಒಂದರ ಮೇಲೊಂದು ಇರುತ್ತವೆ.

"ಬರ್ರಿ ಕಾಕಾ. ಏನ ಕೊಡ್ಲಿ?"

ಮುರುಗೆಪ್ಪನವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಒಂದ ಕೋಲ ತೋರ್ಸಪಾ. ನಮ್ಮ ಓಣ್ಯಾಗ ಒಬ್ಬ ಮುದುಕ ಅದಾನ, ಅವಗ."

"ಎತ್ತರ ಎಷ್ಟ ಅದಾರ್ರೀ ಅವರು?"

"ನನ್ನಷ್ಟ."

"ದಪ್ಪ?"

"ನನ್ನಷ್ಟ."

ಮುಜಮ್ಮಿಲ ವ್ಯಾಪಾರಸ್ಥ, ನಗಲಿಲ್ಲ. "ಹಂಗಾರ ನೀವ ಹಿಡದ ನೋಡ್ರಿ. ನಿಮಗ ಬರೋಬರಿ ಆತಂದ್ರ ಅವರಿಗೂ ಆಗ್ತೈತಿ."

ಮುರುಗೆಪ್ಪನವರು ಕೋಲು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಕಾಲಿಗೆ ಏನೋ ತಾಗಿ ಸುರ್ ಎಂದು ಸರಿಯಿತು. ನೋಡಿದರೆ ಒಂದು ಉದ್ದನೆಯ ಹಲಗೆ, ಅದರ ಕೆಳಗೆ ನಾಲ್ಕು ಪುಟ್ಟ ಗಾಲಿ.

"ಇದೇನಪಾ, ಚೀಲ ಸಾಗಸೂ ಗಾಡಿ ಏನ?"

"ಸ್ಕೇಟ್‌ಬೋರ್ಡರೀ ಕಾಕಾ. ಇದರ ಮ್ಯಾಲ ನಿಂತ ಹೋಗೂದು."

"ಹಿಡಕೊಳ್ಳಾಕ ಏನೂ ಇಲ್ಲಲ್ಲೋ."

"ಮಜಾ ಇರೂದ ಅದರಾಗ್ರೀ."

ಮುಜಮ್ಮಿಲ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಒಬ್ಬ ಅಜ್ಜ, ಎದೆಯವರೆಗೆ ಬಿಳಿ ಗಡ್ಡ, ಇಂಥದೇ ಹಲಗೆಯ ಮೇಲೆ ನಿಂತು ಇಳಿಜಾರಿನಲ್ಲಿ ತೇಲಿಕೊಂಡು ಹೋಗುತ್ತಿದ್ದ. "ಈ ಅಜ್ಜಾರಿಗೆ ಎಂಬತ್ತರ ಹತ್ರ ಬಂದೈತಂತ್ರಿ" ಎಂದ ಮುಜಮ್ಮಿಲ. ಮುರುಗೆಪ್ಪನವರು ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಆ ಅಜ್ಜನ ಸುತ್ತಮುತ್ತ ಎಲ್ಲಿಯೂ ಕುರ್ಚಿ ಇರಲಿಲ್ಲ, ಟೇಬಲ್ಲು ಇರಲಿಲ್ಲ. ಷಡ್ಡಕ ಇದ್ದಂತೆಯೂ ಕಾಣಲಿಲ್ಲ.

ಮನೆಗೆ ಬರುವಾಗ ಕೋಲು ಅಂಗಡಿಯಲ್ಲಿ ಉಳಿದಿತ್ತು. ಹಲಗೆ ಗೋಣಿಚೀಲದೊಳಗೆ ಅವರ ಜೊತೆ ಬಂತು.

"ಕೋಲ ಎಲ್ಲೈತ್ರೀ?" ಎಂದರು ಸಂಗವ್ವನವರು.

"ಸ್ಟಾಕ್ ಇಲ್ಲಂತ. ಊರಾಗ ಮುದುಕರು ಭಾಳ ಆಗ್ಯಾರಂತ."

ಸಂಗವ್ವನವರ ಮುಖ ಸಣ್ಣದಾಯಿತು. ಮುರುಗೆಪ್ಪನವರು ಅದನ್ನೂ ಗಮನಿಸಲಿಲ್ಲ.

ಇನ್ನು ಗಾಲಿ ಓಡಬೇಕಾದರೆ ರಸ್ತೆ ಬೇಕು. ಹುಬ್ಬಳ್ಳಿಯಲ್ಲಿ ರಸ್ತೆಗೆ ಬರವಿಲ್ಲ. ಅದರಲ್ಲಿ ಅಗೆಯದೆ ಉಳಿದದ್ದಕ್ಕೆ ಮಾತ್ರ ಸ್ವಲ್ಪ ಬರ. ನೀರಿನ ಪೈಪಿನವರು ಅಗೆದು ಮುಚ್ಚಿದ್ದನ್ನು ಗ್ಯಾಸಿನವರು ಅಗೆಯುತ್ತಾರೆ, ಅವರು ಮುಚ್ಚಿದ್ದನ್ನು ಕೇಬಲ್ಲಿನವರು ಅಗೆಯುತ್ತಾರೆ. ಪುಣ್ಯಕ್ಕೆ ಮುರುಗೆಪ್ಪನವರ ಓಣಿಗೆ ಆಗಷ್ಟೇ ಹೊಸ ಕಾಂಕ್ರೀಟು ಬಿದ್ದಿತ್ತು. ಯಾವ ಇಲಾಖೆಯ ಕಣ್ಣಿಗೂ ಇನ್ನೂ ಬಿದ್ದಿರಲಿಲ್ಲ. ಅವರ ಮನೆಯಿಂದ ಹೊರಟು, ಸಣ್ಣಗೆ ಇಳಿಜಾರಾಗಿ, ನೇರ ಬಸವಣ್ಣನ ಗುಡಿಯ ಬಾಗಿಲಿಗೆ ಹೋಗಿ ನಿಲ್ಲುವ ರಸ್ತೆ.

ಮರುದಿನ ಹಕ್ಕಿ ಕೂಗುವ ಹೊತ್ತಿಗೆ ಮುರುಗೆಪ್ಪನವರು ಕಚ್ಚೆ ಬಿಗಿದು, ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು ರಸ್ತೆಗೆ ಬಂದರು. ಹಲಗೆಯ ಮೇಲೆ ಒಂದು ಕಾಲಿಟ್ಟರು. ಇನ್ನೊಂದು ಕಾಲು ಇಡುವ ಮೊದಲು ಗುಡಿಯ ಕಡೆ ನೋಡಿ "ಬಸವಣ್ಣಾ, ನೀನ ಗತಿ" ಎಂದರು. ಇಟ್ಟರು. ಗಾಲಿ ಉರುಳಿತು. ತಂಪು ಗಾಳಿ ಬನಿಯನ್ನಿನೊಳಗೆ ಹೊಕ್ಕಿತು. ಶೇಂಗಾ ವ್ಯಾಪಾರದಲ್ಲಿ ಇಷ್ಟು ವರ್ಷ ಸಿಗದ ಒಂದು ಸುಖ ಅವರಿಗೆ ಆ ಗಳಿಗೆಯಲ್ಲಿ ಸಿಕ್ಕಿತು. ಆಮೇಲೆ ಕಡಲೆಕಾಳಿನಷ್ಟು ಒಂದು ಕಲ್ಲು ಮುಂದಿನ ಗಾಲಿಗೆ ಸಿಕ್ಕಿತು. ಹಲಗೆ ನಿಂತಿತು, ಮುರುಗೆಪ್ಪನವರು ಮುಂದೆ ಹೋದರು.

ಬಿದ್ದದ್ದು ಬೋರಲು. ಎರಡೂ ಕೈ ಮುಂದೆ ಚಾಚಿದ್ದವು, ಹಣೆ ನೆಲಕ್ಕೆ ತಾಗಿತ್ತು, ಮುಖ ಗುಡಿಯ ಕಡೆಗಿತ್ತು. ಹಲಗೆ ತಿರುಗಿ ಬೇಲಿಯ ಬುಡಕ್ಕೆ ಹೋಗಿ ಕೂತಿತು. ಅವರು ಎದ್ದರು, ಅದನ್ನು ತಂದರು, ಹತ್ತಿದರು, ಮತ್ತೆ ಬಿದ್ದರು. ಹಟ ಬಂತು. ಮತ್ತೆ ಎದ್ದರು, ಮತ್ತೆ ಬಿದ್ದರು. ಪ್ರತಿಸಲ ಗುಡಿ ಒಂದಾಳುದ್ದ ಹತ್ತಿರವಾಗುತ್ತಿತ್ತು.

ಆ ಹೊತ್ತಿಗೆ ಹಾಲು ತರಲು ಹೊರಟ ರಾಮಪ್ಪನವರು ತಿರುವಿನಲ್ಲಿ ನಿಂತುಬಿಟ್ಟರು. ರಾಮಪ್ಪನವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಓಣಿಯ ಹಿರಿಯರು. ಹಾಲಿಗೆ ಕನ್ನಡಕ ಯಾಕೆ ಎಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಬೇಲಿಯ ಬುಡದ ಹಲಗೆ ಅವರಿಗೆ ಕಾಣಲಿಲ್ಲ. ಕಂಡದ್ದು ಇಷ್ಟು: ಮುರುಗೆಪ್ಪನವರು ಗುಡಿಯ ಕಡೆ ಮುಖ ಮಾಡಿ ಉದ್ದಕ್ಕೆ ಬೀಳುತ್ತಾರೆ, ಏಳುತ್ತಾರೆ, ನಾಲ್ಕು ಹೆಜ್ಜೆ ಹಾಕುತ್ತಾರೆ, ಮತ್ತೆ ಉದ್ದಕ್ಕೆ ಬೀಳುತ್ತಾರೆ.

ನಮ್ಮ ಕಡೆ ಇದನ್ನು ಕಂಡವರಿಗೆ ಎರಡನೆಯ ಯೋಚನೆ ಬರುವುದಿಲ್ಲ. ಅದು ದೀಡ ನಮಸ್ಕಾರ. ಹರಕೆ ಹೊತ್ತವರು ಮನೆಯಿಂದ ಗುಡಿಯವರೆಗೆ ನೆಲಕ್ಕೆ ಮೈಚಾಚಿ, ಕೈ ಮುಟ್ಟಿದ ಕಡೆ ಎದ್ದು ನಿಂತು, ಅಲ್ಲಿಂದ ಮತ್ತೆ ಮೈಚಾಚಿ, ಹೀಗೆ ರಸ್ತೆಯನ್ನೆಲ್ಲ ಮೈಯಿಂದ ಅಳೆದುಕೊಂಡು ಹೋಗುವ ಸೇವೆ.

ರಾಮಪ್ಪನವರು ಚಪ್ಪಲಿ ಬಿಟ್ಟು ಬಂದು, ಹಾಲಿನ ಡಬ್ಬಿ ಕೆಳಗಿಟ್ಟು ಕೈಮುಗಿದರು.

"ಶರಣ್ರೀ ಮುರುಗೆಪ್ಪನವರ. ಯಾತರ ಸಲುವಾಗಿ ಹೊತ್ತೀರಿ ಹರಕಿ?"

ಮುರುಗೆಪ್ಪನವರು ನೆಲದ ಮೇಲೆ ಮಲಗಿಕೊಂಡೇ ವಿಚಾರ ಮಾಡಿದರು. ಹುಡುಗರ ಹಲಗೆ ಹತ್ತಿ ಬಿದ್ದೆ ಎಂದರೆ ಮಧ್ಯಾಹ್ನದೊಳಗೆ ಮಾತು ಧಾರವಾಡ ಮುಟ್ಟುತ್ತದೆ. ಮುಂದಿನ ಕಾರ್ಯದಲ್ಲಿ ಅಮರೇಶ ಕುರ್ಚಿಯ ಬದಲು ಮಂಚವನ್ನೇ ಹಾಕಿಸುತ್ತಾನೆ.

"ಅದನ್ನೆಲ್ಲಾ ಹೇಳಬಾರದ್ರೀ" ಎಂದರು.

"ಖರೇ ಐತಿ. ಹೇಳಿದ್ರ ಫಲ ಹೋಗ್ತೈತಿ" ಎಂದು ರಾಮಪ್ಪನವರು ಒಪ್ಪಿ, ಅಲ್ಲಿಂದ ಹೋಗಿ ಇಡೀ ಓಣಿಗೆ ಹೇಳಿದರು.

ಮುರುಗೆಪ್ಪನವರು ಹಲಗೆಯನ್ನು ಗುಡಿಯ ಹಿಂದಿನ ಪಲ್ಲಕ್ಕಿ ಕೋಣೆಯಲ್ಲಿ ಬಚ್ಚಿಟ್ಟು, ಕುಂಟುತ್ತ ಮನೆಗೆ ಬಂದರು. ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಂಗವ್ವನವರ ಜೊತೆ ತನಿಖೆ ನಡೆಸಿದ್ದಳು.

"ಕೋರ್ಟ್ ಕೇಸಿನ ಸಲುವಾಗಿ ಏನವಾ?"

"ನಮ್ಮದ ಕೇಸ ಎಲ್ಲೈತಿ?"

"ಮಗನ ವರ್ಗಾವಣಿ?"

"ಅವಂದ ಸ್ವಂತ ಅಂಗಡಿ. ಎಲ್ಲಿಗೆ ವರ್ಗಾ ಆಗ್ತಾನ?"

ರುಕ್ಮವ್ವ ಸಂಗವ್ವನವರನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ನೋಟ ಮೊಣಕಾಲಿನ ಹತ್ತಿರ ಬಂದು ನಿಂತಿತು. "ಹಂಗಾರ ಸಂಗಕ್ಕಾ, ಅದು ನಿನ್ನ ಮೊಣಕಾಲಿನ ಸಲುವಾಗಿನ."

ರುಕ್ಮವ್ವ ಹೋದ ಮೇಲೆ ಸಂಗವ್ವನವರು ಅರಿಶಿನ, ಎಣ್ಣೆ ತಂದು ಗಂಡನ ತರಚಿದ ಮೊಣಕೈಗೆ ಹಚ್ಚಿದರು. ಹಚ್ಚುವಾಗ ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಇಷ್ಟ ವರ್ಷ ಸಂಸಾರ ಮಾಡಿದ್ವಿ. ಒಮ್ಮಿನೂ ಬಾಯಿ ತುಂಬ ಮಾತಾಡಿದವರಲ್ಲ ನೀವು. ಹೊಟ್ಯಾಗ ಇಷ್ಟ ಇಟಗೊಂಡಿದ್ರೇನ್ರಿ?"

ಮುರುಗೆಪ್ಪನವರು ಬಾಯಿ ತೆರೆದರು.

"ನೀವು ಏನೂ ಹೇಳಬ್ಯಾಡ್ರಿ. ನನಗ ಧೈರ್ಯ ಬಂತು. ಈ ಹರಕಿ ಒಂದ ಮುಟ್ಟಲಿ, ಮರುದಿನಾನ ಡಾಕ್ಟರ್ ಕಡೆ ಹೋಗೂಣು. ಕೊಯ್ದ್ರ ಕೊಯ್ಲಿ."

ಮುರುಗೆಪ್ಪನವರು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಎರಡು ವರ್ಷ ಮಗ, ಸೊಸೆ, ಡಾಕ್ಟರು, ಸ್ವಾಮಿಗಳು ಸೇರಿ ಮಾಡಲಾಗದ್ದನ್ನು ಒಂದು ಕಡಲೆಕಾಳಿನ ಕಲ್ಲು ಮಾಡಿತ್ತು. ಈಗ ಖರೇ ಹೇಳಿದರೆ ಮಾನ ಹೋಗುವುದು ಇರಲಿ, ಮೊಣಕಾಲೂ ಹೋಗುತ್ತದೆ.

ಹರಕೆ ಮುಟ್ಟಿಸುವುದು ಸೋಮವಾರ ಎಂದು ಓಣಿಯವರೇ ಗೊತ್ತು ಮಾಡಿದರು. ಮುರುಗೆಪ್ಪನವರನ್ನು ಯಾರೂ ಕೇಳಲಿಲ್ಲ. ಅಮರಗೋಳದ ಅಂಗಡಿಗೆ ಹೋದರೆ ಅಲ್ಲಿ ಬೇರೆ ಪೇಚು. ಶೇಂಗಾ ಸವಾಲಿಗೆ, ಅಂದರೆ ಹರಾಜಿಗೆ, ಬಂದ ಒಬ್ಬ ವ್ಯಾಪಾರಿ ಕಾಲುಮುಟ್ಟಿ ನಮಸ್ಕಾರ ಮಾಡಿ, ತನ್ನ ಹೊಲದ ತಕರಾರನ್ನು ಕಿವಿಯಲ್ಲಿ ಹೇಳಿದ. "ನಮ್ಮದೂ ಒಂದ ಸೇರಿಸಿಕೊಳ್ರಿ ಸಾವಕಾರ್ರ. ಹೆಂಗಿದ್ರೂ ಬೀಳಾಕತ್ತೀರಿ." ಹಮಾಲ ಅಲ್ಲಾಸಾಬ ಮಾತ್ರ ಅವರ ಮೊಣಕೈ ನೋಡಿ ಮರುಗಿದ. "ಕಾಂಕ್ರೀಟ್ ಭಾಳ ಬಿರುಸ್ರೀ. ನಾ ಬಂದು ಗುಡಿ ಮುಂದ ಖಾಲಿ ಚೀಲ ಹಾಸ್ತೇನಿ. ಕಡೀಕರೆ ಮೆತ್ತಗ ಬೀಳ್ರಿ."

ಭಾನುವಾರ ಮುರುಗೆಪ್ಪನವರಿಗೆ ಒಂದು ಆಸೆ ಹುಟ್ಟಿತು. ರಸ್ತೆಯ ಉಸ್ತುವಾರಿ ನೋಡುವ ಇಂಜಿನಿಯರ್ ಹನಮೇಶ ಜೀಪಿನಲ್ಲಿ ಬಂದಿಳಿದು, ರಸ್ತೆಗೆ ರಂಗೋಲಿ ಹಾಕುತ್ತಿದ್ದ ಹೆಂಗಸರನ್ನು ತಡೆದ.

"ಇದು ಇನ್ನೂ ಉದ್ಘಾಟನಾ ಆಗಿಲ್ದ ರಸ್ತಾ. ಇದರ ಮ್ಯಾಲ ನಮಸ್ಕಾರ ಹಾಕಾಕ ಬರೂದಿಲ್ಲ."

"ನಡ್ಯಾಕ ಬರ್ತೈತೇನ್ರಿ?" ಎಂದಳು ರುಕ್ಮವ್ವ.

"ಬರ್ತೈತಿ."

"ನಡೀತ ನಡೀತ ಬಿದ್ರ?"

"ಅದು ಅಪಘಾತ. ಅದಕ್ಕ ನಮ್ಮದೇನೂ ತಕರಾರಿಲ್ಲ. ಬೇಕಂತ ಬೀಳೂದಕ್ಕ ಪರವಾನಗಿ ಬೇಕು."

ಮುರುಗೆಪ್ಪನವರ ಮುಖ ಅರಳಿತು. "ಸಾಹೇಬ್ರ ಹೇಳೂದು ಬರೋಬರಿ ಐತಿ. ಕಾಯ್ದೆ ಅಂದ್ರ ಕಾಯ್ದೆ. ದೇವರಿಗೂ ಅದು ತಿಳೀತೈತಿ" ಎಂದು ಮನೆಯ ಕಡೆ ತಿರುಗಿದರು. ಆದರೆ ರಾಮಪ್ಪನವರು ಬಿಡಲಿಲ್ಲ.

"ಸಾಹೇಬ್ರ, ದೀಡ ನಮಸ್ಕಾರ ಅಂದ ಮ್ಯಾಲ ಹೆಣ್ಣಮಕ್ಕಳು ರಸ್ತಾಕ್ಕ ಕೊಡಗಟ್ಟಲೆ ನೀರ ಹಾಕ್ತಾರ. ನಿಮ್ಮ ರಸ್ತಾನ ತಂಪ ಆಗ್ತೈತಿ."

ಹನಮೇಶನ ಕಿವಿ ನೆಟ್ಟಗಾಯಿತು. ಹೊಸ ಕಾಂಕ್ರೀಟಿಗೆ ದಿನಾಲು ನೀರು ಉಣಿಸಬೇಕು. ಗುತ್ತಿಗೆದಾರನ ಟ್ಯಾಂಕರು ಬಂದೇ ಇರಲಿಲ್ಲ.

"ನೀರು ಒಂದ ಹೊತ್ತು ಹಾಕ್ತೀರೋ, ಎರಡೂ ಹೊತ್ತು ಹಾಕ್ತೀರೋ?"

"ಎರಡೂ ಹೊತ್ತ ಹಾಕ್ತೇವ್ರೀ" ಎಂದಳು ರುಕ್ಮವ್ವ.

"ಹಂಗಾರ ಹಾಕ್ರಿ. ಭಕ್ತಿಗೆ ನಾ ಯಾಕ ಅಡ್ಡ ಬರ್ಲಿ" ಎಂದು ಅವನು ಗುಡಿಯ ಕಡೆ ಕೈಮುಗಿದು ಜೀಪು ಹತ್ತಿದ. ಮುರುಗೆಪ್ಪನವರ ಕಟ್ಟಕಡೆಯ ಆಸೆಯೂ ಜೀಪಿನ ಹಿಂದೆಯೇ ಹೋಯಿತು.

ಸೋಮವಾರ ಮುಂಜಾನೆ ಅಮರೇಶ ಧಾರವಾಡದಿಂದ ಬಂದ. ಮೈಗೆ ಅಂಟಿದ ವ್ಯಾಯಾಮದ ಚಡ್ಡಿ, ಕೈಯಲ್ಲಿ ಆ ಗಡಿಯಾರ.

"ಅಣ್ಣಾರ, ಈ ವಯಸ್ಸಿನ್ಯಾಗ ನೀವು ಒಬ್ಬರ ಹಾಕೂದು ಸುರಕ್ಷಿತ ಅಲ್ಲ. ನಾನೂ ನಿಮ್ಮ ಜೋಡಿ ಹಾಕ್ತೇನಿ. ನನಗೇನ ತ್ರಾಸಿಲ್ಲ, ದಿನಾ ಸೂರ್ಯನಮಸ್ಕಾರದ ರೂಢಿ ಐತಿ."

ಡೊಳ್ಳು ಶುರುವಾಯಿತು. ರಾಮಪ್ಪನವರು ಹಳೆಯ ಸೀಟಿಯನ್ನು ಹುಡುಕಿ ಕೊರಳಿಗೆ ಹಾಕಿಕೊಂಡಿದ್ದರು. "ಮುಂದ ಸರೀರಿ, ಮುಂದ ಜಾಗಾ ಖಾಲಿ ಐತಿ" ಎಂದು ಜನರನ್ನು ದಾರಿಯ ಬದಿಗೆ ಸರಿಸಿ ಸೀಟಿ ಊದಿದರು. ಒದ್ದೆ ಧೋತರದಲ್ಲಿ ಮುರುಗೆಪ್ಪನವರು ಮೊದಲ ನಮಸ್ಕಾರ ಹಾಕಿದರು. ಹಲಗೆಯಿಂದ ಬಿದ್ದು ಬಿದ್ದು ರೂಢಿಯಾದದ್ದು ಈಗ ಕೆಲಸಕ್ಕೆ ಬಂತು. ಅವರು ಬೀಳುವ ರೀತಿ ನೋಡಿ ಹಿರಿಯರೆಲ್ಲ ತಲೆದೂಗಿದರು.

ಅಮರೇಶ ಮೊದಲ ನಮಸ್ಕಾರವನ್ನು ಚೆನ್ನಾಗಿಯೇ ಹಾಕಿದ. ಎರಡನೆಯದರಲ್ಲಿ ಗಡಿಯಾರ ಅವನನ್ನು ಅಭಿನಂದಿಸಿತು. ಮೂರನೆಯದಕ್ಕೆ ಬಿದ್ದವನು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. "ಅಯ್ಯ... ಅಯ್ಯ..." ಎಂದು ಸಣ್ಣಗೆ ನರಳಿದ. ಎಂಥ ಭಕ್ತಿ ಎಂದುಕೊಂಡ ಹೆಂಗಸರು ಅವನ ಬೆನ್ನಿನ ಮೇಲೆ ಕೊಡಗಟ್ಟಲೆ ನೀರು ಸುರಿದು, ಕೈಮುಗಿದು ಮುಂದೆ ಹೋದರು. "ಬಹಳ ಹೊತ್ತಿನಿಂದ ಅಲುಗಾಡಿಲ್ಲ, ಎದ್ದು ನಿಲ್ಲಿ" ಎಂದು ಗಡಿಯಾರ ಮಾತ್ರ ಪಟ್ಟು ಹಿಡಿದು ಹೇಳುತ್ತಿತ್ತು.

ಮೆರವಣಿಗೆಯ ಮುಂದೆ ಸಂಗವ್ವನವರು ಆರತಿ ಹಿಡಿದು ನಡೆಯುತ್ತಿದ್ದರು. ಮನೆಯಲ್ಲೇ ಕೂಡು ಎಂದು ಎಲ್ಲರೂ ಹೇಳಿದ್ದರು. "ಅವರು ನನ್ನ ಸಲುವಾಗಿ ಬೀಳಾಕತ್ತಾರ. ನಾ ಮನ್ಯಾಗ ಕುಂಡರ್ಲೇನ?" ಎಂದು ಅವರು ಯಾರ ಮಾತನ್ನೂ ಕೇಳಿರಲಿಲ್ಲ. ಅರ್ಧ ದಾರಿ ಹೇಗೋ ಆಯಿತು. ಆಮೇಲೆ ಮೊಣಕಾಲು ನಿಂತುಬಿಟ್ಟವು. ಆರತಿಯನ್ನು ರುಕ್ಮವ್ವನ ಕೈಗೆ ಕೊಟ್ಟು ಸಂಗವ್ವನವರು ಒಂದು ಮನೆಯ ಕಟ್ಟೆಗೆ ಒರಗಿದರು. ಡೊಳ್ಳು ನಿಂತಿತು.

"ಆಟೋ ಕರೀರಿ" ಎಂದರು ಯಾರೋ. ಆದರೆ ಓಣಿಯ ಬಾಯಿಯನ್ನು ಹಿಂದಿನ ರಾತ್ರಿಯಷ್ಟೇ ಗ್ಯಾಸಿನವರು ಅಗೆದಿದ್ದರು.

ಮುರುಗೆಪ್ಪನವರು ನೆಲದಿಂದ ಎದ್ದು ಬಂದರು. ಸಂಗವ್ವನವರು ಅವರ ಮುಖ ನೋಡಿ ಅತ್ತುಬಿಟ್ಟರು.

"ಗುಡಿ ಮುಟ್ಟಾಕ ಆಗಲಿಲ್ಲ ನೋಡ್ರಿ. ಬಸವಣ್ಣಗ ಮನಸಿಲ್ಲ. ನನಗ ಆಪರೇಶನ್ ಬ್ಯಾಡ. ಮನಿಗೆ ಹೋಗೂಣು ನಡೀರಿ."

ಗುಡಿ ಕಣ್ಣೆದುರಿಗೇ ಇದೆ. ಅಷ್ಟು ದೂರ ಈಕೆ ಹೋಗದಿದ್ದರೆ ಈ ಜನ್ಮದಲ್ಲಿ ಡಾಕ್ಟರ ಮೆಟ್ಟಿಲು ಹತ್ತುವುದಿಲ್ಲ.

ಆಗ ಗುಡಿಯ ಕಡೆಯಿಂದ ಪೂಜಾರಿ ಅಯ್ಯನವರು ಒಂದು ವಸ್ತುವನ್ನು ಎದೆಗವಚಿಕೊಂಡು ಬಂದರು. ಅದೇ ಹಲಗೆ. ಅದರ ಮೇಲೆ ಮೂರು ಬೆರಳು ವಿಭೂತಿ, ಒಂದು ಚೆಂಡುಹೂವಿನ ಮಾಲೆ.

"ಇದು ಪಲ್ಲಕ್ಕಿ ಕೋಣ್ಯಾಗ ಇದ್ದಕ್ಕಿದ್ದಂಗ ಬಂದೈತಿ. ಯಾರೋ ಪುಣ್ಯಾತ್ಮರು ಸೇವಾ ಮಾಡ್ಯಾರ. ಅವತ್ತಿನಿಂದ ಪೂಜಿ ಮಾಡಾಕತ್ತೇನಿ. ನಡ್ಯಾಕ ಬರಲಾರದವರ ಸಲುವಾಗಿ ಇರಬೇಕಿದು."

ಮುರುಗೆಪ್ಪನವರು ಹಲಗೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಮಾನದ ಪ್ರಶ್ನೆಯನ್ನು ಆ ಕ್ಷಣಕ್ಕೆ ಬದಿಗಿಟ್ಟು ಹಲಗೆಯನ್ನು ರಸ್ತೆಯ ಮೇಲಿಟ್ಟರು.

"ಕುಂಡ್ರು."

"ಇದರ ಮ್ಯಾಲ?"

"ಕುಂಡ್ರು ಅಂದ್ನೆಲ್ಲ. ನಾ ಹಿಡಕೊಂಡೇನಿ."

ಸಂಗವ್ವನವರನ್ನು ನಾಲ್ಕು ಹೆಂಗಸರು ಹಿಡಿದು ಹಲಗೆಯ ಮೇಲೆ ಇಳಿಸಿ ಕೂಡಿಸಿದರು. ಅವರು ಕಾಲು ಮುಂದೆ ಚಾಚಿದರು. ಮುರುಗೆಪ್ಪನವರು ಹಿಂದಿನಿಂದ ಎರಡೂ ಹೆಗಲು ಹಿಡಿದು ಮೆಲ್ಲಗೆ ನೂಕಿದರು. ಗಾಲಿ ಉರುಳಿತು. ಡೊಳ್ಳಿನವರಿಗೆ ಹುರುಪು ಬಂತು. ಇಳಿಜಾರಿಗೂ ಹುರುಪು ಬಂತು. ಮುರುಗೆಪ್ಪನವರು ನಡೆಯುವುದು ಬಿಟ್ಟು ಓಡಿದರು. ಓಡುವುದಕ್ಕೂ ಆಗದಷ್ಟು ಗಾಲಿ ಜೋರಾಯಿತು. ಈಗ ಎರಡೇ ದಾರಿ ಉಳಿದಿದ್ದವು, ಹೆಗಲು ಬಿಡುವುದು ಇಲ್ಲವೇ ಹಲಗೆ ಹತ್ತುವುದು.

ಹತ್ತಿದರು. ಹಿಂದಿನ ತುದಿಯಲ್ಲಿ ಎರಡೂ ಕಾಲು ಊರಿ, ಹೆಂಡತಿಯ ಹೆಗಲು ಹಿಡಿದು ಗಟ್ಟಿಯಾಗಿ ನಿಂತರು. ಬೀಳಲಿಲ್ಲ. ಒದ್ದೆ ಧೋತರ ಹಿಂದೆ ಪಟಪಟ ಬಡಿಯುತ್ತಿತ್ತು, ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು, ಗುಡಿಯ ಬಾಗಿಲು ಎದುರಿಗೇ ಬಂತು. ಸಂಗವ್ವನವರು ಕಣ್ಣು ಮುಚ್ಚಿದ್ದವರು ಒಂದು ಕಣ್ಣು ತೆರೆದು ನೋಡಿದರು, ಆಮೇಲೆ ಎರಡನ್ನೂ ತೆರೆದರು. ಅವರು ನಗುತ್ತಿದ್ದರು ಎಂದು ರುಕ್ಮವ್ವ ಇವತ್ತಿಗೂ ಹೇಳುತ್ತಾಳೆ.

ಅಲ್ಲಾಸಾಬ ಮಾತಿಗೆ ತಪ್ಪಿರಲಿಲ್ಲ. ಗುಡಿಯ ಮುಂದೆ ಖಾಲಿ ಗೋಣಿಚೀಲಗಳನ್ನು ದಪ್ಪಗೆ ಹಾಸಿದ್ದ. ಹಲಗೆ ಅದಕ್ಕೆ ಬಂದು ಸಿಕ್ಕಿ ನಿಂತಿತು. ಸಂಗವ್ವನವರು ಜಾರಿ ಚೀಲದ ಮೇಲೆ ಮೆತ್ತಗೆ ಕೂತರು. ಮುರುಗೆಪ್ಪನವರು ಅವರನ್ನು ದಾಟಿ ಮುಂದೆ ಹೋಗಿ, ಬಸವಣ್ಣನ ಎದುರಿಗೆ ಕೈಚಾಚಿ, ಹಣೆ ಹೊಸ್ತಿಲಿಗೆ ತಾಗುವಂತೆ ಉದ್ದಕ್ಕೆ ಬಿದ್ದರು. ಅದಕ್ಕಿಂತ ಸರಿಯಾದ ಕಡೆಯ ನಮಸ್ಕಾರವನ್ನು ಆ ಓಣಿ ಕಂಡಿರಲಿಲ್ಲ. "ಹರ ಹರ ಮಹಾದೇವ" ಎಂದರು ಜನ. ರಾಮಪ್ಪನವರು ಉದ್ದಕ್ಕೆ ಸೀಟಿ ಊದಿ "ಹೋಲ್ಡಾನ್" ಎಂದರು.

ಪೂಜೆ ಮುಗಿದು ಜನ ಪ್ರಸಾದದ ಕಡೆ ತಿರುಗಿದಾಗ ಗುಡಿಯ ಕಂಬಕ್ಕೆ ಒರಗಿ ಗಂಡಹೆಂಡತಿ ಇಬ್ಬರೇ ಕೂತಿದ್ದರು. ಬಸವಣ್ಣನ ಎದುರಿಗೆ ಸುಳ್ಳು ಇಟ್ಟುಕೊಂಡು ಕೂಡುವುದು ಮುರುಗೆಪ್ಪನವರಿಗೆ ಆಗಲಿಲ್ಲ.

"ಕೇಳ ಇಲ್ಲೆ. ನಾ ಹರಕಿ ಹೊತ್ತಿದ್ದಿಲ್ಲ."

ಸಂಗವ್ವನವರು ತಿರುಗಿ ನೋಡಿದರು.

"ಆ ಹಲಗಿ ನಂದ. ಅದರ ಮ್ಯಾಲ ನಿಂದ್ರೂದು ಕಲ್ಯಾಕ ಹೋಗಿ ಬಿದ್ದಿದ್ದೆ. ಅಮರೇಶ ಎಲ್ಲಾರ ಮುಂದ ಕುರ್ಚಿ ಮ್ಯಾಲ ಕುಂಡ್ರಿಸಿದ್ನಲ್ಲ, ಆ ಸಿಟ್ಟು."

ಇನ್ನು ಎಲ್ಲ ಮುಗಿಯಿತು, ಡಾಕ್ಟರೂ ಇಲ್ಲ, ಮೊಣಕಾಲೂ ಇಲ್ಲ ಎಂದು ಮುರುಗೆಪ್ಪನವರು ತಲೆ ತಗ್ಗಿಸಿದರು.

"ಆ ಕುರ್ಚಿ ಅವ ತಾನಾಗೆ ಹಾಕಿದ್ದಲ್ರೀ" ಎಂದರು ಸಂಗವ್ವನವರು. "ನಾನ ಹೇಳಿ ಹಾಕ್ಸಿದ್ದೆ. ನಮ್ಮ ಮನಿಯವರಿಗೆ ಕೆಳಗ ಕುಂಡ್ರಾಕ ಆಗೂದಿಲ್ಲಂತ ಹೇಳಿದ್ದೆ. ನೀವು ಕುಂತ್ರ ನಾನೂ ಬಾಜೂಕ ಕುಂಡರ್ಬಹುದಲ್ಲ. ನನಗ ಆಗೂದಿಲ್ಲ ಅಂತ ಅಷ್ಟ ಮಂದ್ಯಾಗ ಹೇಳಾಕ ನಾಚಿಕಿ ಬಂತು."

"ಮತ್ತ ಕೋಲ?"

"ಅದೂ ನನಗನ."

ಮುರುಗೆಪ್ಪನವರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

"ಹಂಗಾರ ನಾಳಿ ಡಾಕ್ಟರ್ ಕಡೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಹೋಗೂಣು" ಎಂದರು ಸಂಗವ್ವನವರು. "ಹರಕಿ ಸುಳ್ಳಿದ್ರ ಇರ್ಲಿ ಬಿಡ್ರಿ. ಇವತ್ತ ಬಿದ್ದದ್ದು ನನ್ನ ಸಲುವಾಗಿ ಹೌದಲ್ಲ?"

"ಹೌದು" ಎಂದರು ಮುರುಗೆಪ್ಪನವರು. ಆ ಮನೆತನದಲ್ಲಿ ಅಂಥ ಮಾತು ಆಡಿದವರಲ್ಲಿ ಅವರೇ ಮೊದಲಿಗರು.

ಪ್ರಸಾದಕ್ಕೆ ಅಂಗಳದಲ್ಲಿ ಪಂಕ್ತಿ ಹಾಕಿದ್ದರು. ಗುಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಮುರುಗೆಪ್ಪನವರು ಎಲ್ಲರ ಮುಂದೆ ಹೆಂಡತಿಯ ರಟ್ಟೆ ಹಿಡಿದು ಕರೆತಂದು ಒಂದರಲ್ಲಿ ಕೂಡಿಸಿದರು. ಅಷ್ಟರಲ್ಲಿ ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು, ತೊಯ್ದು ತೊಪ್ಪೆಯಾಗಿ, ಸೊಂಟ ಬಗ್ಗಿದ ಹಾಗೆಯೇ ಅಮರೇಶ ಅಂಗಳದೊಳಗೆ ಬಂದ. ಉಳಿದ ಕುರ್ಚಿಯನ್ನು ಕಂಡು ಅವನ ಮುಖಕ್ಕೆ ಜೀವ ಬಂತು. ಒಂದೊಂದೇ ಹೆಜ್ಜೆ ಅದರ ಕಡೆಗೆ ಸರಿದ.

ಮುರುಗೆಪ್ಪನವರು ಆ ಕುರ್ಚಿಯನ್ನು ಸಂಗವ್ವನವರ ಪಕ್ಕಕ್ಕೆ ಎಳೆದುಕೊಂಡು, ಟವೆಲ್ಲಿನಿಂದ ಒರೆಸಿ, ಆರಾಮವಾಗಿ ಕೂತರು.

"ಅಮರೇಶ, ನಮಗಂತೂ ವಯಸ್ಸಾತು" ಎಂದರು. "ನೀ ಇನ್ನೂ ಸಣ್ಣಾವ ಅದಿ. ಕೆಳಗ ಕುಂಡ್ರು."